ಹುಣ್ಣಿಮೆಯ ತೋಳ

ಜಯನಗರದ ನಮ್ಮ ಮನೆಯಲ್ಲಿ ಹುಣ್ಣಿಮೆ ಎಂದರೆ ಸತ್ಯನಾರಾಯಣ ಪೂಜೆ, ಸಜ್ಜಿಗೆಯ ಪ್ರಸಾದ. ಅದೇ ಹುಣ್ಣಿಮೆಗೆ ಮೈಯೆಲ್ಲ ಕೂದಲು ಬೆಳೆದು ತೋಳವಾಗುವ ಹುಡುಗನ ಸಿನಿಮಾ ನನಗಿಷ್ಟ ಎಂದರೆ ನೀವು ನಕ್ಕೀರಿ! 1981ರ ‘ಆನ್ ಅಮೆರಿಕನ್ ವೆರ್‌ವುಲ್ಫ್ ಇನ್ ಲಂಡನ್’. ರಿಕ್ ಬೇಕರನ ಮೇಕಪ್ಪಿಗೆ ಆಸ್ಕರ್ ಬಂತು. ಝಗಝಗ ಬೆಳಕಿನಲ್ಲೇ ಅಂಗೈ ಉದ್ದವಾಗುತ್ತದೆ, ಬೆನ್ನು ಉಬ್ಬುತ್ತದೆ. ಹಿನ್ನೆಲೆಯಲ್ಲಿ ಇಂಪಾಗಿ ಚಂದ್ರನ ಹಾಡು!

ನಾನು ಮತ್ತೆ ಮತ್ತೆ ನೋಡುವುದು ಮಾತ್ರ ಜ್ಯಾಕನಿಗಾಗಿ. ತೋಳ ಕಚ್ಚಿ ಸತ್ತ ಈ ಗೆಳೆಯ, ಹರಿದ ಕುತ್ತಿಗೆಯಲ್ಲೇ ಆಸ್ಪತ್ರೆಗೆ ಬಂದು ಡೇವಿಡ್‌ನ ಬಳಿ ಹರಟುತ್ತಾನೆ, ತಟ್ಟೆಯ ಟೋಸ್ಟ್ ಕೇಳುತ್ತಾನೆ, ಹೆಣಗಳ ಜೊತೆ ಮಾತು ಮಹಾ ಬೇಸರ ಎಂದು ದೂರುತ್ತಾನೆ. ಬಂದಾಗಲೆಲ್ಲ ಇನ್ನಷ್ಟು ಕೊಳೆತಿರುತ್ತಾನೆ. ತಮಾಷೆ ಮಾತ್ರ ಕೊಳೆಯದು. ‘ನಾ ನಿನ್ನ ಬಿಡಲಾರೆ’ಯ (1979) ಅನಂತನಾಗ್‌ಗೆ ಮಂತ್ರಾಲಯದ ರಾಯರಿದ್ದರು. ಡೇವಿಡ್‌ಗೆ ಇವನೊಬ್ಬನೇ.

ನನ್ನಣ್ಣನೂ ಹೀಗೇ, ಕಾಯಿಲೆಯಲ್ಲಿ ಕಡ್ಡಿಯಾದಾಗಲೂ ನಗಿಸಿದವನು. ತಿಥಿಯ ದಿನ ಎಲ್ಲರೂ ಅವನನ್ನು ದೇವರಂಥವನು ಎನ್ನುತ್ತಾರೆ. ಅವನ ಒಂದು ತಮಾಷೆಯನ್ನೂ ನೆನೆಯುವುದಿಲ್ಲ. ಈ ಸಲ ಆ ರಾತ್ರಿ ಅತ್ತಿಗೆಗೆ ಸಿನಿಮಾ ತೋರಿಸಿದೆ. ಟೋಸ್ಟಿನ ಹೊತ್ತಿಗೆ ಸೆರಗು ಬಾಯಿಗೊತ್ತಿಕೊಂಡು ನಕ್ಕರು. “ನಿಮ್ಮಣ್ಣ ಆಗಿದ್ದರೆ ಕಾಫಿಯನ್ನೂ ಕೇಳುತ್ತಿದ್ದರು” ಎಂದರು.