ಚೆರ್ರಿಯ ಮರೆಯಲ್ಲೊಂದು ಪೆಗ್

ಹಣ್ಣಿನ ಹೆಸರು ಹೇಳಿದರೆ ಯಾವ ಪಾನೀಯಕ್ಕೂ ಅರ್ಧ ಪಾಪ ಕಡಿಮೆಯಾಗುತ್ತದೆ. ಹರಿಹರದಲ್ಲಿ ಅಕ್ಕನ ಮನೆ ಮಾಳಿಗೆಯ ಮೇಲೆ ಬಾಟಲಿ ಹೊರಬಂದಾಗ ಅವಳು ಕೇಳಿದ್ದು ಇಷ್ಟೇ: "ಏನೋ ಅದು?" "ಚೆರ್ರಿ ಹಣ್ಣಿಂದಮ್ಮ," ಎಂದ ಅಳಿಯ. ಅಕ್ಕ ಮಂಡಕ್ಕಿ ಕಲಸಲು ಕೆಳಗಿಳಿದಳು. ಬೀರು ಎಂದಿದ್ದರೆ ಮಂಡಕ್ಕಿ ಹಾಗಿರಲಿ, ಮಾಳಿಗೆಯೂ ಸಿಗುತ್ತಿರಲಿಲ್ಲ.

ಅಳಿಯ ಓದುವುದು ಬೆಲ್ಜಿಯಂನ ಗೆಂಟ್‌ನಲ್ಲಿ. ತಂದದ್ದು ಆ ಊರಿನ ಪಕ್ಕದ ಮೆಲ್ಲೆಯಲ್ಲಿ ತಯಾರಾಗುವ ಡಿಲೀರಿಯಂ ರೆಡ್. ಲೇಬಲ್ಲಿನ ಮೇಲೆ ಗುಲಾಬಿ ಆನೆ. ಅಮಲು ನೆತ್ತಿಗೇರಿದವರಿಗೆ ಕಾಣಿಸುತ್ತದೆಂದು ಇಂಗ್ಲಿಷಿನವರು ತಮಾಷೆ ಮಾಡುವ ಆನೆ ಅದು. ಎಚ್ಚರಿಕೆಯನ್ನೇ ಜಾಹೀರಾತು ಮಾಡಿಕೊಂಡ ಧೈರ್ಯ ಮೆಚ್ಚಬೇಕು.

ಲೋಟಕ್ಕೆ ಸುರಿದರೆ ಕಡುಗೆಂಪು, ಮೇಲೆ ನಸುಗುಲಾಬಿ ನೊರೆ. ಮೊದಲ ಗುಟುಕಿಗೆ ಸಿಹಿ, ಬೆನ್ನಿಗೇ ತೆಳ್ಳನೆ ಹುಳಿ, ಕೊನೆಗೆ ಬಾದಾಮಿಯ ವಾಸನೆ. ಕಹಿಯನ್ನು ಹುಡುಕಿಕೊಂಡು ಹೋಗಬೇಕು. ಬಿಸಿ ಮಾತ್ರ ತಡವಾಗಿ, ಯಾರೂ ಕರೆಯದೆ, ಎದೆಗಿಳಿಯುತ್ತದೆ. ಇದರಲ್ಲಿ ಆಲ್ಕೊಹಾಲ್ ಶೇ. 8. ನಮ್ಮ ಸ್ಟ್ರಾಂಗ್ ಬೀರಿನ ಬಾಟಲಿಯ ಮೇಲೂ ಬರೆದಿರುವ ಮಿತಿ ಅದೇ. ಆದರೆ ಅದು ಕಹಿಯಾಗಿ, ಒರಟಾಗಿ, ತಾನು ಯಾರೆಂದು ಮೊದಲೇ ಹೇಳಿಬಿಡುತ್ತದೆ. ಇದು ಹೇಳುವುದಿಲ್ಲ. ಲೆಕ್ಕ ಹಾಕಿದೆ: 330 ಮಿ.ಲೀ. ಬಾಟಲಿಯಲ್ಲಿ ಸುಮಾರು 26 ಮಿ.ಲೀ. ಶುದ್ಧ ಆಲ್ಕೊಹಾಲ್. ಶೇ. 42.8ರ ವಿಸ್ಕಿಯ 60 ಮಿ.ಲೀ. ಪೆಗ್ಗಿನಲ್ಲಿರುವುದೂ ಹೆಚ್ಚು ಕಡಿಮೆ ಅಷ್ಟೇ. ಶರಬತ್ತಿನ ವೇಷದಲ್ಲಿ ಒಂದು ದೊಡ್ಡ ಪೆಗ್ಗು ಮನೆಯೊಳಗೆ ಬಂದು ಕೂತಿದೆ.

ನನ್ನ ತಕರಾರು ಇರುವುದು ಹಣ್ಣಿನ ಮೇಲಲ್ಲ, ಸಿಹಿಯ ಮೇಲೆ. ಹುದುಗುವ ಬೀರಿಗೆ ಹಣ್ಣು ಹಾಕಿದರೆ ಯೀಸ್ಟ್ ಮೊದಲು ಕೈಹಾಕುವುದೇ ಹಣ್ಣಿನ ಸಕ್ಕರೆಗೆ. ಅದು ತಿಂದು ಮುಗಿಸಿದ ಮೇಲೆ ಉಳಿಯುವುದು ಹುಳಿ, ಬಣ್ಣ, ಒಂದಿಷ್ಟು ಪರಿಮಳ. ಬ್ರಸೆಲ್ಸ್ ಸುತ್ತಮುತ್ತ ಲ್ಯಾಂಬಿಕ್ ಮಾಡುವವರು ಯೀಸ್ಟ್ ಕೂಡ ಹಾಕುವುದಿಲ್ಲ. ಗಾಳಿಯಲ್ಲೂ ಮರದ ಪೀಪಾಯಿಯಲ್ಲೂ ಇರುವ ಸೂಕ್ಷ್ಮಜೀವಿಗಳಿಗೇ ಕೆಲಸ ಬಿಡುತ್ತಾರೆ. ಆಮೇಲೆ ಹುಳಿ ಚೆರ್ರಿಯನ್ನು ಅದರಲ್ಲಿ ತಿಂಗಳುಗಟ್ಟಲೆ ನೆನೆಹಾಕಿದರೆ ಅದು ಕ್ರೀಕ್. ಸಾಂಪ್ರದಾಯಿಕ ಕ್ರೀಕ್ ಕುಡಿದವರ ಮುಖ ಹುಣಸೆಹಣ್ಣು ತಿಂದಂತಾಗುತ್ತದಂತೆ. ಹಣ್ಣಿನ ಬೀರು ಜೇನಿನಂತೆ ಸಿಹಿಯಾಗಿದ್ದರೆ, ಹುದುಗು ಮುಗಿದ ಮೇಲೆ ರಸವೋ ಸಕ್ಕರೆಯೋ ಸೇರಿರುವ ಸಂಭವವೇ ಹೆಚ್ಚು.

ದೇವರನ್ನು ಈ ಮಾತಿಗೆ ಎಳೆಯಬಾರದು, ಆದರೂ ಹರಿಹರದಲ್ಲಿ ಕೂತು ಹೊಳೆಯದೆ ಇರುವುದಿಲ್ಲ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ಒಂದೇ ಮೂರ್ತಿಯೊಳಗೆ ಶಿವನೂ ಇದ್ದಾನೆ, ವಿಷ್ಣುವೂ ಇದ್ದಾನೆ. ಒಬ್ಬರು ಇನ್ನೊಬ್ಬರನ್ನು ನುಂಗಿಲ್ಲ. ಈ ಲೋಟದಲ್ಲಿ ಚೆರ್ರಿ ಬಾರ್ಲಿಯನ್ನು ಪೂರ್ತಿ ನುಂಗಿ ಕೂತಿತ್ತು.

ಅಷ್ಟರಲ್ಲಿ ಮಂಡಕ್ಕಿ ಮೇಲೆ ಬಂತು. ದಾವಣಗೆರೆಯಿಂದ ನಾನೇ ಒಯ್ದ ಮಂಡಕ್ಕಿ, ಜೊತೆಗೆ ಆಗಷ್ಟೇ ಕರಿದ ಮೆಣಸಿನಕಾಯಿ. ಒಂದು ಕಚ್ಚಿ ಮತ್ತೆ ಗುಟುಕರಿಸಿದೆ. ಖಾರದೆದುರು ಸಿಹಿ ಹಿಂದೆ ಸರಿದು, ಅಡಗಿದ್ದ ಹುಳಿ ಮುಂದೆ ಬಂತು. ಬೆಲ್ಜಿಯಂನವರು ಇದನ್ನು ಚಾಕೊಲೇಟ್ ಜೊತೆ ಕುಡಿಯುತ್ತಾರೆಂದು ಅಳಿಯ ಹೇಳಿದ. ಅವರಿಗೆ ಮಿರ್ಚಿ ಕಳಿಸಬೇಕು.

ಆ ಉತ್ಸಾಹದಲ್ಲೇ ನಾನೊಂದು ಯೋಜನೆ ಮುಂದಿಟ್ಟೆ. ದಾವಣಗೆರೆ ಸುತ್ತ ಮೆಕ್ಕೆಜೋಳಕ್ಕೆ ಬರವಿಲ್ಲ. ಎಷ್ಟೋ ಬೀರುಗಳಲ್ಲಿ ಬಾರ್ಲಿಯ ಜೊತೆ ಅದೂ ಬೇಯುತ್ತದೆ. ಹಣ್ಣಿಗೆ ಮಾತ್ರ ಚೆರ್ರಿ ಬೇಡ, ನೇರಳೆ ಇರಲಿ. ಅದರ ಒಗರನ್ನು ಯಾವ ಯೀಸ್ಟೂ ತಿಂದು ಮುಗಿಸಲಾರದು.

"ಒಳ್ಳೇದೇ ಮಾಮ," ಎಂದ ಅಳಿಯ, "ಆದ್ರೆ ಕುಡಿದೋರು ಮನೇಲಿ ನಾಲಿಗೆ ತೋರಿಸೋದು ಹೆಂಗೆ?"