ಅಮಾಸಿಗೊಮ್ಮಿ, ಹುಣ್ಣಿವಿಗೊಮ್ಮಿ

ಕಲಬುರಗಿ ಜಿಲ್ಲೆಯ ನಮ್ಮ ಅತನೂರಿನ ಕಡೆ ಯಾರನ್ನಾದರೂ ‘ಅವ ಅಮಾಸಿಗೊಮ್ಮಿ ಹುಣ್ಣಿವಿಗೊಮ್ಮಿ ಬರ್ತಾನ ನೋಡ್ರಿ’ ಎಂದರೆ, ಆ ಮನುಷ್ಯ ಊರಿಗೆ ಮುಖ ತೋರಿಸುವುದೇ ಅಪರೂಪ ಎಂದರ್ಥ. ಲೆಕ್ಕಕ್ಕೆ ಕೂತರೆ ತಿಂಗಳಿಗೆ ಎರಡು ಸಲ ಆಯಿತು, ವರ್ಷಕ್ಕೆ 24ಕ್ಕೆ ಕಡಿಮೆಯಿಲ್ಲ. ಪುಣೆಗೆ ದುಡಿಯಲು ಹೋದ ಮಗ ಅಷ್ಟು ಸಲ ಬಂದರೆ ತಾಯಿ ಓಣಿಗೆಲ್ಲ ಸಕ್ಕರೆ ಹಂಚುತ್ತಾಳೆ. ಇಲ್ಲೇ ಹತ್ತಿರದ ಗಾಣಗಾಪುರದ ದತ್ತನಿಗೆ ಹುಣ್ಣಿಮೆ ತಪ್ಪಿಸದೆ ನಡೆದುಕೊಳ್ಳುವವರನ್ನು ‘ಎಂಥಾ ನೇಮಸ್ಥರು’ ಎಂದು ಹೊಗಳುತ್ತೇವೆ. ಅದೇ ಹುಣ್ಣಿಮೆ ಒಬ್ಬರಿಗೆ ನೇಮ, ಇನ್ನೊಬ್ಬರಿಗೆ ಬೈಗುಳ. ಇಂಥ ಮಾತು ಕಿವಿಗೆ ಬಿದ್ದರೆ ನನಗೆ ಅವತ್ತು ಊಟ ತಡವಾದರೂ ನಡೆಯುತ್ತದೆ.

ಸಂಜೆ ಓಣಿಯ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಇಂಥ ಮಾತು ಹೆಕ್ಕುವ ಚಟ ಹತ್ತಿದ್ದು ಅಲ್ಲಿಂದಲೇ. ವ್ಯಾಕರಣದ ಪುಸ್ತಕಗಳಲ್ಲಿ ಒಂದು ಏಣಿ ಬರೆದಿರುತ್ತಾರೆ: ಮೇಲಿನ ಮೆಟ್ಟಿಲಲ್ಲಿ ‘ಆಲ್ವೇಸ್’, ನೂರಕ್ಕೆ ನೂರು, ಕೆಳಗೆ ‘ಯೂಶುವಲಿ’, ‘ಆಫನ್’, ‘ಸಮ್‌ಟೈಮ್ಸ್’, ನೆಲದ ಮೇಲೆ ‘ನೆವರ್’, ಸೊನ್ನೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ‘ನೀ ಹಮೇಶಾ ಹಿಂಗೇ ಮಾಡ್ತಿ’ ಎಂದು ಹೆಂಡತಿ ಗಂಡನಿಗೆ ಅಂದಾಗ ಅದು ನೂರಕ್ಕೆ ನೂರು ಅಲ್ಲವೇ ಅಲ್ಲ. ಎರಡು ಸಲ ಆಗಿದೆ, ಮೂರನೆಯದನ್ನು ಸಹಿಸುವುದಿಲ್ಲ ಎಂದು ಅದರ ತಾತ್ಪರ್ಯ.

ನಮ್ಮಲ್ಲಿ ಈ ಮಾತುಗಳಿಗೆ ಬೇರೆಬೇರೆ ಕೆಲಸ ಹಂಚಿಕೆಯಾಗಿದೆ. ‘ಹಮೇಶಾ’ ಪಾರಸಿಯಿಂದ ಉರ್ದುವಿಗೆ ಬಂದು, ನಿಜಾಮರ ಕಚೇರಿ ಕಾಲದಿಂದ ನಮ್ಮ ಬಾಯಲ್ಲಿ ಉಳಿದದ್ದು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಡಳಿತ ಮುಗಿಯಿತು, ಹಮೇಶಾ ಮಾತ್ರ ಹೋಗಲಿಲ್ಲ. ಅದು ಹೆಚ್ಚಾಗಿ ತಕರಾರಿಗೆ. ‘ಕಾಯಂ’ ಗಿರಾಕಿಗೆ, ನೌಕರಿಗೆ. ‘ನಿತ್ಯ’ ಪೂಜೆಗೆ. ‘ಮ್ಯಾಲಿಂದ ಮ್ಯಾಲೆ’ ಎಂಬುದು ಜ್ವರಕ್ಕೆ, ಕರೆಂಟು ಹೋಗುವುದಕ್ಕೆ, ಬೀಗರ ಫೋನಿಗೆ. ಇವನ್ನು ಅದಲುಬದಲು ಮಾಡಿದರೆ ಅರ್ಥ ಕೆಡುವುದಿಲ್ಲ, ರುಚಿ ಕೆಡುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾತೇ ಇಲ್ಲದೆ ಕೆಲಸ ಮುಗಿಸುವ ರೀತಿ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ‘ಅಫಜಲಪುರದ ಗಾಡಿ ಈಗ ಬರ್ತದೇನ್ರಿ?’ ಎಂದು ಕೇಳಿ ನೋಡಿ. ಅಂಗಡಿಯವ ಕೈಯಲ್ಲಿದ್ದ ಗಿಲಾಸು ತೊಳೆಯುತ್ತ, ಮುಖ ಎತ್ತದೆ ‘ಬರ್ತಿರ್ತದ್ರಿ’ ಅನ್ನುತ್ತಾನೆ. ಬರ್ತದ ಎಂದಿದ್ದರೆ ಅದು ಭರವಸೆ. ಬರ್ತಿರ್ತದ ಎಂದಾಗ, ಸಾಮಾನ್ಯವಾಗಿ ಬರುತ್ತದೆ, ಇವತ್ತಿನ ಜವಾಬ್ದಾರಿ ನನ್ನದಲ್ಲ ಎಂದಾಯಿತು. ಇಂಗ್ಲಿಷಿನ ‘ಯೂಶುವಲಿ’ ಇಡಿಯಾಗಿ ಆ ‘ಇರ್’ ಒಳಗೆ ಅಡಗಿ ಕೂತಿದೆ.

ಅಣ್ಣನ ಮಗಳು ಕಾಲೇಜು ಓದುತ್ತಾಳೆ, ರಾತ್ರಿಯೆಲ್ಲ ಫೋನಿನಲ್ಲಿ ಕೊರಿಯಾದ ಧಾರಾವಾಹಿ ನೋಡುತ್ತಾಳೆ. ಮೊದಲು ನನಗೆ ಅದು ಸೇರುತ್ತಿರಲಿಲ್ಲ. ಒಂದು ದಿನ ‘ಕಾಕಾ, ಅವರೂ ನಮ್ಮಂಗೇ ಕ್ರಿಯಾಪದ ಕಡೀಗಿ ಹೇಳ್ತಾರ’ ಅಂದಳು. ಅಲ್ಲಿಂದ ನಾನೂ ಪಕ್ಕಕ್ಕೆ ಕೂತೆ. ಕೊರಿಯನ್ನರಿಗೆ ‘ಒಂಜೆ’ ಎಂದರೆ ಯಾವಾಗ, ‘ಒಂಜೆನಾ’ ಎಂದರೆ ಯಾವಾಗಲೂ, ‘ಒಂಜೆನ್ಗಾ’ ಎಂದರೆ ಯಾವಾಗಲೋ. ಪ್ರಶ್ನೆಗೊಂದು ಬಾಲ ಕಟ್ಟಿ ಉತ್ತರ ಮಾಡಿಕೊಳ್ಳುವ ನಮ್ಮ ಜಾಣತನವೇ. ಹಾಗಾಗಿ ಇಂಗ್ಲಿಷ್ ಕಲಿಯುವಾಗ ಅವರು ಎಡವುವ ಕಲ್ಲಿಗೇ ನಮ್ಮ ಹುಡುಗರೂ ಎಡವುತ್ತಾರೆ. ನಮ್ಮ ‘ಯಾವಾಗಲೂ’ ವಾಕ್ಯದಲ್ಲಿ ಎಲ್ಲಿ ಬೇಕಾದರೂ ಕೂರುತ್ತದೆ. ‘ಅವ ತಡಾ ಮಾಡ್ತಾನ, ಯಾವಾಗಲೂ’ ಎಂದು ಕೊನೆಗೆ ತಂದರೆ ಸಿಟ್ಟು ಹೆಚ್ಚು. ಇಂಗ್ಲಿಷಿನ ‘ಆಲ್ವೇಸ್’ ಶಿಸ್ತಿನ ಮನುಷ್ಯ: ‘ಕಮ್ಸ್’ಗೆ ಮುಂಚೆ, ‘ಈಸ್’ ಆದ ಮೇಲೆ. ‘ನಾಟ್ ಆಲ್ವೇಸ್’ ಇನ್ನೂ ಕಠಿಣ. ‘ಅವ ಯಾವಾಗಲೂ ಖರೆ ಹೇಳಂಗಿಲ್ಲ’ ಎಂದರೆ ನಮ್ಮಲ್ಲಿ ಅವ ಪಕ್ಕಾ ಸುಳ್ಳ. ಅಷ್ಟು ಕೆಟ್ಟವನಲ್ಲ ಎನ್ನಬೇಕಾದರೆ ‘ಯಾವಾಗಲೂ ಖರೇನೇ ಹೇಳ್ತಾನ ಅಂತೇನಿಲ್ಲ’ ಎಂದು ಬಾಲ ಬೆಳೆಸಬೇಕು. ಕೊರಿಯನ್ನರೂ ಹಾಗೇ ಬೆಳೆಸುತ್ತಾರೆ.

ಅಪರೂಪಕ್ಕೆ ಇಂಗ್ಲಿಷಿನವರು ‘ಒನ್ಸ್ ಇನ್ ಎ ಬ್ಲೂ ಮೂನ್’ ಅನ್ನುತ್ತಾರೆ. ಒಂದೇ ತಿಂಗಳಲ್ಲಿ ಎರಡು ಹುಣ್ಣಿಮೆ ಬಂದರೆ ಎರಡನೆಯದನ್ನು ಈಗ ಬ್ಲೂ ಮೂನ್ ಎಂದು ಕರೆಯುತ್ತಾರೆ. ಸುಮಾರು 33 ತಿಂಗಳಿಗೆ ಒಮ್ಮೆ ಬರುತ್ತದೆ. ನಮ್ಮ ಅಧಿಕ ಮಾಸವೂ ಹೆಚ್ಚುಕಡಿಮೆ ಅಷ್ಟಕ್ಕೇ. ಚಂದ್ರನ ಲೆಕ್ಕವೂ ಸೂರ್ಯನ ಲೆಕ್ಕವೂ ಹೊಂದದಿರುವುದೇ ಎರಡಕ್ಕೂ ಕಾರಣ. 2023ರಲ್ಲಿ ಅಧಿಕ ಶ್ರಾವಣ ಬಂತು, ಆಗಸ್ಟ್ ಕೊನೆಗೆ ಬ್ಲೂ ಮೂನ್ ಕೂಡ. 2026ರಲ್ಲಿ ಅಧಿಕ ಜ್ಯೇಷ್ಠ, ಮೇ 31ಕ್ಕೆ ಬ್ಲೂ ಮೂನ್. ನಮ್ಮಲ್ಲಿ ಅಧಿಕಕ್ಕೆ ಅಳಿಯನನ್ನು ಕರೆದು ಉಣಿಸುವ ಮನೆಗಳಿವೆ, ಇಂಗ್ಲಿಷಿನವರು ಆ ಚಂದ್ರನನ್ನು ಬರೀ ಗಾದೆಗೆ ದುಡಿಸಿಕೊಂಡರು.

ಆದರೂ ಮೊದಲ ಬಹುಮಾನ ಕೊರಿಯನ್ನರಿಗೇ. ಅಪರೂಪಕ್ಕೆ ಅವರು ‘ಬರಗಾಲದಾಗ ಕಾಳು ಮೊಳೆತಂಗ’ ಅನ್ನುತ್ತಾರಂತೆ. ಅವರದು ಸೋಯಾ, ನಮ್ಮದು ತೊಗರಿ. ನಮ್ಮ ಜಿಲ್ಲೆಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಬಿತ್ತಿದ ಮೇಲೆ ಮಳೆ ಕೈಕೊಟ್ಟ ವರ್ಷ ಹೊಲಕ್ಕೆ ಹೋಗಿ ನೋಡಬೇಕು. ಎರೆಮಣ್ಣು ಹೆಕ್ಕಳಿಕೆ ಎದ್ದಿರುತ್ತದೆ. ಇಲ್ಲೊಂದು ಮೊಳಕೆ, ಹತ್ತು ಹೆಜ್ಜೆ ಆಚೆಗೊಂದು, ನಡುವೆ ಬರೀ ಸಾಲು. ಓಣಿಯ ಮುದುಕರಿಗೆ ಈ ಮಾತು ಹೇಳಿದೆ. ಯಾರೂ ಅರ್ಥ ಕೇಳಲಿಲ್ಲ. ಒಬ್ಬರು ಮಾತ್ರ ‘ಅವರ ಕಡೀನೂ ಮಳಿ ಹಿಂಗೇ ಏನಪಾ?’ ಅಂದರು.

ನಿಮ್ಮೂರಲ್ಲಿ ಅಪರೂಪಕ್ಕೆ ಏನೆನ್ನುತ್ತಾರೆ? ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಯಾರನ್ನು ಬೈಯುವಾಗ ಆ ಮಾತು ಬಂತು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ, ಅದಿಲ್ಲದೆ ಅರ್ಥ ಪೂರ್ತಿ ಆಗುವುದಿಲ್ಲ.