ಹೆಸರಾಗಿ ಉಳಿದವರು, ಎಣಿಕೆಗಷ್ಟೇ ಸಿಕ್ಕವರು

ಬೆಳಗಾವಿಯಿಂದ ಲೋಂಡಾ ಕಡೆಗೆ ಹೊರಟ ರೈಲು ಖಾನಾಪುರ ದಾಟುತ್ತಿದ್ದಂತೆ ಕಿಟಕಿಯಾಚೆಯ ನೋಟವೇ ಬದಲಾಗುತ್ತದೆ. ಬಯಲು ಹಿಂದೆ ಸರಿಯುತ್ತದೆ, ಕಾಡು ಹಳಿಯ ಹತ್ತಿರಕ್ಕೆ ಬರುತ್ತದೆ. ಎಲ್ಲಿ ನೋಡಿದರೂ ಕೆಮ್ಮಣ್ಣು, ಜಂಬಿಟ್ಟಿಗೆ ಕಲ್ಲು, ತಗ್ಗಿನಲ್ಲಿ ಭತ್ತದ ಗದ್ದೆ. ಈ ದಾರಿಯಲ್ಲಿ ಸಿಗುವ ಚಿಕ್ಕ ನಿಲ್ದಾಣ ಗುಂಜಿ. ಊರನ್ನು ಕಾಯುವವಳು ಮಾವುಲಿ ದೇವಿ. ಮರಾಠಿಯಲ್ಲಿ ಆ ಮಾತಿಗೆ ತಾಯಿ ಎಂದೇ ಅರ್ಥ. ಮರಾಠಿ, ಕನ್ನಡ, ಕೊಂಕಣಿ ಮೂರೂ ಕಿವಿಗೆ ಬೀಳುವ ಸೀಮೆಯಿದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆಯದೇ ರಾಜ್ಯ. ಅರಬ್ಬಿ ಸಮುದ್ರದಿಂದ ಎದ್ದ ಮೋಡಗಳು ಸಹ್ಯಾದ್ರಿಯ ನೆತ್ತಿಗೆ ತಾಗಿ ಮೇಲೇರಿ, ತಂಪಾಗಿ, ಇಲ್ಲಿಯೇ ಸುರಿದುಬಿಡುತ್ತವೆ. ಮಳೆ ಹೆಚ್ಚಾದರೂ ಗದ್ದೆ ಸಣ್ಣದು. ಹೀಗಾಗಿ ಮನೆಯ ಒಬ್ಬ ಮಗ ಗದ್ದೆ ನೋಡಿಕೊಂಡರೆ ಇನ್ನೊಬ್ಬ ಗೋವೆಗೋ ಬೆಳಗಾವಿಗೋ ಹೋಗುವುದು ಹಳೆಯ ರೂಢಿ. ಮಿಲಿಟರಿಗೆ ಸೇರುವುದೂ ಈ ಭಾಗದಲ್ಲಿ ಹೊಸ ಸಂಗತಿಯಲ್ಲ. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಇರುವುದೇ ಬೆಳಗಾವಿಯಲ್ಲಿ.

ಹಾಗೆ ದಂಡಿಗೆ ಹೋದವನು ತಿರುಗಿ ಬಾರದಿದ್ದರೆ ಅವನನ್ನು ನೆನೆಯುವವರು ಯಾರು? ಹೇಗೆ ನೆನೆಯುತ್ತಾರೆ? ಗುಂಜಿಯ ಸುತ್ತಲಿನ ನೆಲವನ್ನು ನೋಡುತ್ತ ಹೋದರೆ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳು ಸಿಗುತ್ತವೆ.

ನಂದಗಡದ ಆಲದ ಮರ

ಇದೇ ಖಾನಾಪುರ ತಾಲ್ಲೂಕಿನ ನಂದಗಡಕ್ಕೆ ಹೋದವರು ಒಂದು ಆಲದ ಮರದ ಕೆಳಗೆ ಕೈಮುಗಿದು ನಿಲ್ಲದೆ ಬರುವುದಿಲ್ಲ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರಿದು. ರಾಯಣ್ಣ ದೊರೆಯಲ್ಲ, ದೇಸಾಯಿಯಲ್ಲ. ಕಿತ್ತೂರಿನ ಸೇವೆಯಲ್ಲಿದ್ದ ಹಳ್ಳಿಯ ಸಾಮಾನ್ಯ ಬಂಟ. 1824ರಲ್ಲಿ ಕಿತ್ತೂರು ಬಿದ್ದ ಮೇಲೂ ಅವನು ಸುಮ್ಮನೆ ಕೂರಲಿಲ್ಲ. ಜನ ಕೂಡಿಸಿ, ಕಾಡನ್ನೇ ಕೋಟೆ ಮಾಡಿಕೊಂಡು ಕಂಪನಿ ಸರ್ಕಾರದೊಡನೆ ಹೋರಾಡಿದ. 1830ರಲ್ಲಿ ಸೆರೆ ಸಿಕ್ಕ.

ಗಲ್ಲಿಗೇರಿಸಿದ ಸರ್ಕಾರ ಅವನಿಗೆ ಸ್ಮಾರಕ ಕಟ್ಟುವುದು ದೂರದ ಮಾತು. ಆದರೂ ಅವನು ಉಳಿದ. ಸಮಾಧಿಯ ಮೇಲೆ ಆಲದ ಸಸಿ ನೆಟ್ಟವನು ಅವನ ಸಂಗಾತಿ ಬಿಚ್ಚುಗತ್ತಿ ಚನ್ನಬಸಪ್ಪ ಎಂದು ಜನ ಹೇಳುತ್ತಾರೆ. ಗೀಗೀ ಮೇಳದವರು ಹಾಡಿದರು, ಲಾವಣಿಕಾರರು ಹಾಡಿದರು. ಮಕ್ಕಳಾಗಲೆಂದು ಹರಕೆ ಹೊತ್ತವರು ಮರಕ್ಕೆ ತೊಟ್ಟಿಲು ಕಟ್ಟಿದರು. ಅಧಿಕಾರ ಬೇಡವೆಂದ ಹೆಸರನ್ನು ಜನ ತಮ್ಮ ನಾಲಗೆಯ ಮೇಲೆ ಕಾಪಾಡಿಕೊಂಡ ಪರಿ ಇದು. ಆದರೆ ಅವನ ಜೊತೆಯಲ್ಲೇ ಗಲ್ಲಿಗೇರಿದವರು ಯಾರು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಹಾಡು ನಾಯಕನನ್ನು ಉಳಿಸುತ್ತದೆ. ಬೆನ್ನ ಹಿಂದೆ ನಿಂತವರನ್ನು ಹಾಡೂ ಮರೆಯುತ್ತದೆ.

ಹಳೆಯ ಕಾಲದ ವೀರಗಲ್ಲುಗಳು ಈ ವಿಷಯದಲ್ಲಿ ಹೆಚ್ಚು ಉದಾರ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ನೆಯರು, ಮೇಲೆ ಶಿವಲಿಂಗ. ಬರಹವಿದ್ದ ಕಲ್ಲುಗಳು ಸತ್ತವನ ಹೆಸರು ಹೇಳುತ್ತವೆ, ತುರು ಕಾಯಲು ಹೋಗಿ ಸತ್ತನೋ, ಊರಳಿವಿನಲ್ಲಿ ಸತ್ತನೋ ಎಂಬುದನ್ನೂ ಹೇಳುತ್ತವೆ. ಬೆಂಗಳೂರು ಎಂಬ ಊರ ಹೆಸರು ಮೊದಲು ಕಾಣಿಸುವುದೂ ಬೇಗೂರಿನ ಒಂದು ಕಲ್ಲಿನಲ್ಲಿ, ಸುಮಾರು ಕ್ರಿ.ಶ. 890ರ ಕಾಳಗದಲ್ಲಿ ಮಡಿದ ಬುಟ್ಟಣಸೆಟ್ಟಿಯ ನೆನಪಿನ ಜೊತೆಯಲ್ಲಿ. ಕದಂಬರ ಹಲಸಿಯನ್ನು ಮಡಿಲಲ್ಲಿಟ್ಟುಕೊಂಡ ಖಾನಾಪುರ ಸೀಮೆಗೂ ಈ ಪರಂಪರೆ ಹೊರತಲ್ಲ.

ಬೆಳಗಾವಿಯ ಶರ್ಕಾತ್ ಸ್ಮಾರಕ

ಗುಂಜಿಯಿಂದ ಬೆಳಗಾವಿಗೆ ಬಂದರೆ ದಂಡಿನ ಪ್ರದೇಶದಲ್ಲಿ ಇನ್ನೊಂದು ಬಗೆಯ ನೆನಪು ಎದುರಾಗುತ್ತದೆ. ಮರಾಠಾ ರೆಜಿಮೆಂಟಿನ ಕೇಂದ್ರದಲ್ಲಿರುವ ಯುದ್ಧ ಸ್ಮಾರಕದ ಹೆಸರು ಶರ್ಕಾತ್. ಅದು ಇರಾಕಿನಲ್ಲಿ ಟೈಗ್ರಿಸ್ ನದಿಯ ದಂಡೆಯ ಊರು. 1918ರ ಅಕ್ಟೋಬರ್ ಕೊನೆಯಲ್ಲಿ, ಒಂದನೆಯ ಮಹಾಯುದ್ಧ ಮುಗಿಯಲು ಕೆಲವೇ ದಿನಗಳಿದ್ದಾಗ, ಅಲ್ಲಿ ತುರ್ಕರೊಡನೆ ಘೋರ ಕದನ ನಡೆಯಿತು. 114ನೇ ಮರಾಠಾ ಪಡೆಯ ಅನೇಕರು ಅಲ್ಲಿ ಬಿದ್ದರು. 1922ರಲ್ಲಿ ಆ ಪಡೆಯೇ ರೆಜಿಮೆಂಟಿನ ತರಬೇತಿ ದಳವಾಗಿ ಬೆಳಗಾವಿಯಲ್ಲಿ ನೆಲೆನಿಂತಿತು. ಎಲ್ಲಿಯ ಟೈಗ್ರಿಸ್, ಎಲ್ಲಿಯ ಬೆಳಗಾವಿ! ಇಂದಿಗೂ ಸೇನೆಯ ಹಿರಿಯರು ಈ ಕೇಂದ್ರಕ್ಕೆ ಬಂದರೆ ಶರ್ಕಾತ್ ಸ್ಮಾರಕಕ್ಕೆ ಹೂಗುಚ್ಛ ಇಡುವುದು ವಾಡಿಕೆ.

ಆ ಯುದ್ಧಕ್ಕೆ ಮರಾಠಾ ಪಡೆಗಳು ಹೊರಟದ್ದು 1914ರ ಅಕ್ಟೋಬರಿನಲ್ಲಿ. 117ನೇ ಮರಾಠಾ ಪಡೆ ಇದ್ದ ಬ್ರಿಗೇಡು ಮುಂಬಯಿಯಲ್ಲಿ ಹಡಗು ಹತ್ತಿ ನವೆಂಬರ್ 6ರಂದು ಪರ್ಶಿಯನ್ ಕೊಲ್ಲಿಯ ಫಾವೊದಲ್ಲಿ ಇಳಿಯಿತು. ಮಳೆಯಲ್ಲಿ ನೆನೆದು ಅನ್ನ ಉಂಡು ಬೆಳೆದ ಹುಡುಗರು ನೆರಳೇ ಇಲ್ಲದ ಮರಳುಗಾಡಿಗೆ ಬಿದ್ದರು. 1915ರ ನವೆಂಬರಿನಲ್ಲಿ ಬಾಗ್ದಾದಿನ ಬಳಿಯ ಟೆಸಿಫೋನಿನವರೆಗೆ ನಡೆದ ಸೈನ್ಯ ಅಲ್ಲಿಂದ ಹಿಮ್ಮೆಟ್ಟಿ ಕುಟ್ ಎಂಬ ಊರಿನಲ್ಲಿ ಸಿಕ್ಕಿಬಿತ್ತು. ಮುತ್ತಿಗೆ 147 ದಿನ ನಡೆಯಿತು. ಹಸಿವು, ಭೇದಿ, ಗುಂಡು ಮೂರೂ ಕೂಡಿ ಕಾಡಿದವು. 1916ರ ಏಪ್ರಿಲ್ 29ರಂದು ಶರಣಾದವರು ಸುಮಾರು 13,000 ಮಂದಿ, ಅವರಲ್ಲಿ ಹೆಚ್ಚಿನವರು ಭಾರತೀಯರು. ಸೆರೆಯಾಗಿ ಹೋದವರಲ್ಲಿ ಸಾವಿರಾರು ಜನ ಮರಳಿ ಬರಲಿಲ್ಲ.

ಇಲ್ಲಿಂದ ಮುಂದಿನ ಕಥೆ ಮನಸ್ಸನ್ನು ಕಲಕುವಂಥದು. ಮೆಸೊಪೊಟೇಮಿಯದಲ್ಲಿ ಸತ್ತು, ಗೋರಿಯ ಗುರುತೂ ಸಿಗದ 40,000ಕ್ಕೂ ಹೆಚ್ಚು ಯೋಧರಿಗಾಗಿ ಬಾಸ್ರಾದಲ್ಲಿ ದೊಡ್ಡ ಸ್ಮಾರಕ ಕಟ್ಟಿ 1929ರಲ್ಲಿ ಅನಾವರಣ ಮಾಡಿದರು. ಬ್ರಿಟಿಷ್ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಕೆತ್ತಿದರು. ಭಾರತೀಯ ಪಡೆಗಳ ಸರದಿ ಬಂದಾಗ ಅಧಿಕಾರಿಗಳ ಹೆಸರು ಕೆತ್ತಿ, ಉಳಿದ ಸಿಪಾಯಿಗಳ ಸಂಖ್ಯೆಯನ್ನಷ್ಟೇ ಬರೆದು ಮುಗಿಸಿದರು. ತಾಯಿ ಇಟ್ಟ ಹೆಸರು ಎಣಿಕೆಯಲ್ಲಿ ಕರಗಿಹೋಯಿತು. ಫ್ರಾನ್ಸಿನ ನವ್ ಶಾಪೆಲ್ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ, ದೆಹಲಿಯ ಇಂಡಿಯಾ ಗೇಟಿನ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳಿವೆ. ಹಾಗಿರುವಾಗ ಬಾಸ್ರಾದಲ್ಲಿ ಕಲ್ಲು ಸಾಲದಾಯಿತು ಎನ್ನಲಾಗದು. ಸಾಲದೆ ಹೋದದ್ದು ಮನಸ್ಸು.

ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ 2021ರ ಏಪ್ರಿಲ್‌ನಲ್ಲಿ ತನ್ನದೇ ತನಿಖಾ ವರದಿ ಪ್ರಕಟಿಸಿ ಈ ತಾರತಮ್ಯವನ್ನು ಒಪ್ಪಿಕೊಂಡು ಕ್ಷಮೆ ಕೋರಿತು. ಭಾರತ ಮತ್ತು ಆಫ್ರಿಕಾದ ಸುಮಾರು 45,000ದಿಂದ 54,000 ಮಂದಿಯನ್ನು ಅಸಮಾನವಾಗಿ ನೆನೆಯಲಾಗಿದೆ, ಕನಿಷ್ಠ 1,16,000 ಮಂದಿಯ ಹೆಸರೇ ಎಲ್ಲೂ ಇಲ್ಲ ಎಂದು ಆ ವರದಿ ಹೇಳಿತು. ಸತ್ತು ನೂರು ವರ್ಷವಾದ ಮೇಲೆ ಬಂದ ಕ್ಷಮೆ!

ಇಟಲಿಯ ಸೂರ್ಯ ಗಡಿಯಾರ

ಎರಡನೆಯ ಮಹಾಯುದ್ಧದಲ್ಲಿ ಇದೇ ರೆಜಿಮೆಂಟಿನ ಒಬ್ಬ ನಾಯಕ್ ಹೆಸರು ಉಳಿಸಿಕೊಂಡ. ಕೊಂಕಣದ ಪಳಸಗಾವದ ಯಶವಂತ ಘಾಡಗೆಗೆ ಆಗ 22 ವರ್ಷ. 1944ರ ಜುಲೈ 10ರಂದು ಇಟಲಿಯ ಟೈಬರ್ ಕಣಿವೆಯಲ್ಲಿ ಅವನ ತುಕಡಿಯ ಎಲ್ಲರೂ ಗುಂಡಿಗೆ ಸತ್ತರು ಅಥವಾ ಗಾಯಗೊಂಡರು. ಅವನೊಬ್ಬನೇ ಮುನ್ನುಗ್ಗಿ ಗ್ರೆನೇಡ್ ಎಸೆದು ಶತ್ರುವಿನ ಮಷೀನ್‌ಗನ್ ಅಡಗಿಸಿದ. ತೋಟಾ ತುಂಬಲು ವೇಳೆಯಿಲ್ಲದೆ ಬಂದೂಕನ್ನೇ ದೊಣ್ಣೆಯಂತೆ ಬೀಸಿ ಹೊಡೆದ. ಕೊನೆಗೆ ಮರೆಯಿಂದ ಹಾರಿಬಂದ ಗುಂಡಿಗೆ ಅಲ್ಲಿಯೇ ಬಿದ್ದ. ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಬಂತು. ಗೋರಿ ಸಿಗಲಿಲ್ಲ. ಕಸಿನೊ ಸ್ಮಾರಕದ ಮೇಲೆ ಹೆಸರಿದೆ, ತವರು ಸೀಮೆಯ ಮಾಣಗಾವದಲ್ಲಿ ಪ್ರತಿಮೆ ಇದೆ. 2023ರ ಜುಲೈನಲ್ಲಿ ಇಟಲಿಯ ಮೊಂಟೋನೆ ಊರಿನವರು ಅವನ ಹೆಸರಿನಲ್ಲಿ ಒಂದು ಸೂರ್ಯ ಗಡಿಯಾರವನ್ನೇ ನಿಲ್ಲಿಸಿದರು. ನಾವೆಲ್ಲ ಒಂದೇ ಸೂರ್ಯನ ಕೆಳಗೆ ಬಾಳುವವರು ಎಂಬುದು ಅದರ ಆಶಯ. ಆ ಸೂರ್ಯನ ಕೆಳಗೇ ಇಟಲಿಯಲ್ಲಿ ಮಡಿದ ಭಾರತೀಯರು 5,700ಕ್ಕೂ ಹೆಚ್ಚು. ಅವರೆಲ್ಲರಿಗೂ ಗಡಿಯಾರ ನಿಲ್ಲಿಸಲಾಗದು. ಹೆಸರಾದರೂ ನಿಲ್ಲಬೇಕಲ್ಲವೆ?

ಸ್ವತಂತ್ರ ಭಾರತ ಈ ವಿಷಯದಲ್ಲಿ ನಿಧಾನವಾಗಿಯಾದರೂ ಸರಿದಾರಿ ಹಿಡಿಯಿತು. 1999ರ ಕಾರ್ಗಿಲ್ ಯುದ್ಧದಲ್ಲಿ ಮಡಿದವರ ಶರೀರಗಳು ಹುಟ್ಟೂರಿಗೆ ಬಂದವು. ಹಳ್ಳಿಗೆ ಹಳ್ಳಿಯೇ ಎದುರುಗೊಂಡು ಕಣ್ಣೀರಿಟ್ಟಿತು. 2019ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಹೆಚ್ಚು ಯೋಧರಿಗೆ ಒಬ್ಬೊಬ್ಬರಿಗೆ ಒಂದೊಂದು ಕಲ್ಲಿನ ಫಲಕವಿದೆ. ಅಲ್ಲಿ ಸಿಪಾಯಿಗೂ ಅಧಿಕಾರಿಗೂ ಕಲ್ಲಿನ ಅಳತೆ ಒಂದೇ.

ಆದರೆ 1947ಕ್ಕೆ ಮುಂಚೆ ಪರದೇಶದಲ್ಲಿ ಸತ್ತವರು ಆ ಲೆಕ್ಕಕ್ಕೆ ಬರುವುದಿಲ್ಲ. ಅವರ ಗುರುತು ಎಲ್ಲಾದರೂ ಇದ್ದರೆ ಹಳೆಯ ಮನೆಗಳ ಅಟ್ಟದ ಮೇಲಿನ ಟ್ರಂಕಿನಲ್ಲಿ. ಒಂದನೆಯ ಮಹಾಯುದ್ಧದಲ್ಲಿ ಸತ್ತವರ ಮನೆಗೆ ಸರ್ಕಾರ ಅಂಗೈಗಿಂತ ತುಸು ಅಗಲವಾದ ಕಂಚಿನ ಫಲಕ ಕಳಿಸುತ್ತಿತ್ತು. ಅದರ ಮೇಲೆ ಹುದ್ದೆಯಿಲ್ಲ, ಬರೀ ಹೆಸರು. ಸೈನಿಕರಿಗೆ ಕೊಟ್ಟ ಬೆಳ್ಳಿಯ ಪದಕದ ಅಂಚನ್ನು ಭೂತಗನ್ನಡಿ ಹಿಡಿದು ನೋಡಿದರೆ ನಂಬರು, ಹೆಸರು, ಪಡೆ ಎಲ್ಲವೂ ಸಣ್ಣ ಅಕ್ಷರದಲ್ಲಿ ಕಾಣುತ್ತವೆ. ಬರಗಾಲದಲ್ಲಿ ಅಕ್ಕಸಾಲಿಗನ ಮೂಸೆ ಸೇರಿದ ಪದಕಗಳೊಂದಿಗೆ ಎಷ್ಟು ಹೆಸರುಗಳು ಕರಗಿದವೋ! ಉಳಿದವನ್ನಾದರೂ ಹುಣಿಸೆಹಣ್ಣು ಹಾಕಿ ತಿಕ್ಕದೆ, ಮೃದುವಾದ ಬಟ್ಟೆಯಿಂದ ಒರೆಸಿ ಓದಬೇಕು. ತಿಕ್ಕಿದಷ್ಟೂ ಅಕ್ಷರ ಸವೆಯುತ್ತದೆ. ಊರಿನ ಶಾಲೆಯ ಮಕ್ಕಳು ಮನೆಮನೆಗೆ ಹೋಗಿ ಇಂಥ ಹೆಸರುಗಳನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಅದೇ ಒಂದು ಸ್ಮಾರಕವಾದೀತು. ಇದಕ್ಕೆ ಅನುದಾನ ಬೇಡ, ಉದ್ಘಾಟನೆಯೂ ಬೇಡ.

ಈ ಸೀಮೆಯನ್ನು ನೋಡಬಯಸುವವರಿಗೆ ಮಳೆ ಹಿಂಜರಿದ ಮೇಲಿನ ತಿಂಗಳುಗಳು ಒಳ್ಳೆಯವು. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 25 ಕಿ.ಮೀ. ಅಲ್ಲಿಂದ ನಂದಗಡ, ಹಲಸಿ, ಗುಂಜಿಗಳನ್ನು ನೋಡಿಕೊಂಡು ಬರಬಹುದು. ದಾರಿಯಲ್ಲಿ ಯಾವುದಾದರೂ ಗುಡಿಯ ಪಕ್ಕದಲ್ಲಿ ಪಾಚಿ ಹಿಡಿದ ವೀರಗಲ್ಲು ಕಂಡರೆ ಅವಸರ ಮಾಡದೆ ಒಂದು ಗಳಿಗೆ ನಿಲ್ಲಬೇಕು. ಸಾಲುಗಳಿದ್ದರೆ, ಅಕ್ಷರ ಬಲ್ಲವರು ಜೊತೆಗಿದ್ದರೆ, ಅಲ್ಲಿ ಕೆತ್ತಿದ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಬೇಕು.